ನರಸಿಂಗರಾಯರೂ ಕೊರಿಯದ ಊರುಗಳೂ

ಬೆನೆಗಲ್ ನರಸಿಂಗರಾಯರ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ತೀರ ಅಪರಿಚಿತವೇನೂ ಅಲ್ಲ. ಭಾರತದ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಸಲಹೆಗಾರರೆಂದು ಪಾಠಪುಸ್ತಕಗಳು ಅವರನ್ನು ಒಂದೆರಡು ಸಾಲುಗಳಲ್ಲಿ ನೆನೆದು ಮುಂದೆ ಸಾಗುತ್ತವೆ. ದಕ್ಷಿಣ ಕನ್ನಡದವರಾದ ನಮಗೆ ಅವರು ನಮ್ಮವರೆಂಬ ಅಭಿಮಾನವೂ ಉಂಟು. ಆದರೆ ಅವರ ಬಾಳಿನ ಕೊನೆಯ ಕೆಲವು ವರ್ಷಗಳ ಕಥೆಯನ್ನು ಬಲ್ಲವರು ವಿರಳ. 1950ನೆಯ ಇಸವಿಯ ಜೂನ್ ತಿಂಗಳಿಂದ 1951ರ ಫೆಬ್ರವರಿಯವರೆಗೆ ಅವರು ಅಮೆರಿಕದ ನೆಲದಲ್ಲಿ ಕುಳಿತು, ಕೊರಿಯದ ಯುದ್ಧವನ್ನು ಹೇಗಾದರೂ ನಿಲ್ಲಿಸಬೇಕೆಂದು ಸತತವಾಗಿ ಶ್ರಮಿಸಿದರು. ಅದೇ ತಿಂಗಳುಗಳಲ್ಲಿ ಕೊರಿಯದ ಊರುಗಳ ಮೇಲೆ ಆಕಾಶದಿಂದ ಬೆಂಕಿ ಸುರಿಯುತ್ತಿತ್ತು. ರಾಯರ ಸಂಧಾನದ ಚರಿತ್ರೆಯನ್ನು ರಾಜಕೀಯ ಗ್ರಂಥಗಳಲ್ಲಿಯೂ, ಊರುಗಳು ಸುಟ್ಟ ಚರಿತ್ರೆಯನ್ನು ಸೈನಿಕ ಗ್ರಂಥಗಳಲ್ಲಿಯೂ ಬೇರೆ ಬೇರೆಯಾಗಿ ಓದುವುದು ವಾಡಿಕೆ. ಇವೆರಡರ ತಾರೀಖುಗಳನ್ನು ಒಂದೇ ಹಾಳೆಯ ಮೇಲೆ ಬರೆದು ನೋಡಿದಾಗ ಆ ಮನುಷ್ಯನ ಪ್ರಯತ್ನದ ಬೆಲೆ ಏನೆಂಬುದು ನನಗೆ ಮನದಟ್ಟಾಯಿತು. ಆ ದೃಷ್ಟಿಯಿಂದ ಅವರ ಜೀವನವನ್ನು ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ.

ನರಸಿಂಗರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಸಾರಸ್ವತ ಮನೆತನವೊಂದರಲ್ಲಿ. ತಂದೆ ಬೆನೆಗಲ್ ರಾಘವೇಂದ್ರರಾಯರು ಹೆಸರಾಂತ ವೈದ್ಯರು. ಮಕ್ಕಳ ಪೈಕಿ ಮೂವರು ದೇಶದ ಮಟ್ಟದಲ್ಲಿ ಖ್ಯಾತಿ ಪಡೆದುದು ಆ ಮನೆಯ ವಿಶೇಷ. ತಮ್ಮಂದಿರಲ್ಲಿ ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರರಾದರು. ಶಿವರಾಯರು ಪತ್ರಕರ್ತರಾಗಿ, ಪಾರ್ಲಿಮೆಂಟಿನ ಸದಸ್ಯರಾಗಿ ಹೆಸರಾದರು. ನರಸಿಂಗರಾಯರು ಕಲಿತದ್ದು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ. ಅಮ್ಮೆಂಬಳ ಸುಬ್ಬರಾಯ ಪೈಗಳು 1891ರಲ್ಲಿ ಸ್ಥಾಪಿಸಿದ್ದ ಆ ಶಾಲೆಗೆ ಆಗಿನ್ನೂ ಎಳೆಯ ಪ್ರಾಯ. ಅಲ್ಲಿಂದ ಪರೀಕ್ಷೆಗೆ ಕುಳಿತ ಈ ಹುಡುಗ ಇಡೀ ಮದರಾಸು ಪ್ರಾಂತಕ್ಕೆ ಮೊದಲನೆಯವನಾಗಿ ತೇರ್ಗಡೆ ಹೊಂದಿದ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷು, ಭೌತಶಾಸ್ತ್ರ, ಸಂಸ್ಕೃತ, ಗಣಿತಗಳಲ್ಲಿ ಮೊದಲ ದರ್ಜೆ ಗಳಿಸಿ, ವಿದ್ಯಾರ್ಥಿವೇತನದ ಬಲದಿಂದ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದರು. ಜವಾಹರಲಾಲ ನೆಹರೂ ಅದೇ ಕಾಲೇಜಿನಲ್ಲಿ ಅದೇ ಕಾಲದಲ್ಲಿ ಓದುತ್ತಿದ್ದರು. 1909ರ ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ರಾಯರು ಒಂಬತ್ತನೆಯ ರ‍್ಯಾಂಗ್ಲರರಾಗಿ ಉತ್ತೀರ್ಣರಾದರು. ಮಾತನ್ನು ಅಳೆದು ಆಡುವ, ಒಂದು ಪದ ಹೆಚ್ಚಾದರೂ ಕಡಿಮೆಯಾದರೂ ಸಹಿಸದ ಅವರ ಸ್ವಭಾವಕ್ಕೆ ಈ ಗಣಿತಾಭ್ಯಾಸವೇ ತಳಹದಿಯೆಂದು ನಾನು ಊಹಿಸುತ್ತೇನೆ.

ಸಿವಿಲ್ ಸರ್ವಿಸಿಗೆ ಸೇರಿ ಅವರು ಬಂಗಾಳಕ್ಕೆ ಹೋದರು. ಅಲ್ಲಿಂದ ಅಸ್ಸಾಮಿಗೆ ವರ್ಗವಾಗಿ ಹಲವು ವರ್ಷ ಕಾನೂನಿನ ಇಲಾಖೆಯಲ್ಲಿ ದುಡಿದರು. 1935ರ ಕಾಯಿದೆ ಬಂದ ಮೇಲೆ ಭಾರತದ ಎಲ್ಲ ಶಾಸನಗಳನ್ನೂ ಅದಕ್ಕೆ ಹೊಂದುವಂತೆ ಪರಿಷ್ಕರಿಸುವ ದೊಡ್ಡ ಹೊಣೆ ಅವರ ಮೇಲೆ ಬಿದ್ದಿತು. ಅದನ್ನು ಅವರು ಶ್ಲಾಘ್ಯವಾಗಿ ಮುಗಿಸಿದರು. 1938ರಲ್ಲಿ ಸರ್ ಪದವಿ ಬಂದಿತು. ಬಳಿಕ ಕಲಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾದರು. ಸಿಂಧೂ ನದಿಯ ನೀರಿಗಾಗಿ ಪಂಜಾಬ್ ಮತ್ತು ಸಿಂಧ್ ಪ್ರಾಂತಗಳಿಗೆ ವ್ಯಾಜ್ಯ ಹುಟ್ಟಿದಾಗ, ಅದನ್ನು ವಿಚಾರಿಸಿದ ಆಯೋಗಕ್ಕೆ ಅವರೇ ಅಧ್ಯಕ್ಷರು. 1942ರಲ್ಲಿ ವರದಿ ಒಪ್ಪಿಸಿದರು. ಹಿಂದೂ ಕಾನೂನಿನ ಸುಧಾರಣೆಗೆ ನೇಮಕವಾದ ಸಮಿತಿಯೂ ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. 1944ರಿಂದ 1945ರವರೆಗೆ ಕಾಶ್ಮೀರ ಸಂಸ್ಥಾನದ ಪ್ರಧಾನಿಯಾಗಿದ್ದು, ಮಹಾರಾಜರೊಡನೆ ಅಭಿಪ್ರಾಯಭೇದ ಉಂಟಾದಾಗ ಆ ಹುದ್ದೆಯನ್ನು ಬಿಟ್ಟು ಬಂದರು. ಈ ಪಟ್ಟಿಯಲ್ಲಿ ಒಂದು ಅಂಶ ಎದ್ದು ಕಾಣುತ್ತದೆ. ಎರಡು ಪಕ್ಷಗಳು ಜಗಳವಾಡುತ್ತಿರುವಾಗ ಇಬ್ಬರೂ ಒಪ್ಪಬಹುದಾದ ವಾಕ್ಯವನ್ನು ರಚಿಸಿಕೊಡುವುದೇ ಅವರ ಜೀವಮಾನದ ಉದ್ಯೋಗವಾಗಿತ್ತು.

ಸಂವಿಧಾನ ಸಭೆಯ ಸಲಹೆಗಾರರಾಗಿ ಅವರು 1946ರ ಜುಲೈಯಲ್ಲಿ ಅಧಿಕಾರ ವಹಿಸಿಕೊಂಡರು. 243 ವಿಧಿಗಳೂ 13 ಅನುಸೂಚಿಗಳೂ ಇದ್ದ ಅವರ ಕರಡು 1947ರ ಅಕ್ಟೋಬರಿನಲ್ಲಿ ಸಿದ್ಧವಾಯಿತು. ಅನಂತರ ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿಯ ನ್ಯಾಯವೇತ್ತರೊಡನೆ ಸಮಾಲೋಚಿಸಿದರು. ಅಮೆರಿಕದ ನ್ಯಾಯಾಧೀಶ ಫ್ರಾಂಕ್‌ಫರ್ಟರರೊಡನೆ ನಡೆದ ಸಂಭಾಷಣೆಯ ಪರಿಣಾಮವಾಗಿ ನಮ್ಮ 21ನೆಯ ವಿಧಿಯ ಮಾತುಗಳು ಬದಲಾದ ಸಂಗತಿಯನ್ನು ಕಾನೂನಿನ ವಿದ್ಯಾರ್ಥಿಗಳೆಲ್ಲ ಬಲ್ಲರು. ಶಾಸನವು ಗೊತ್ತುಮಾಡಿದ ಕ್ರಮಕ್ಕನುಸಾರವಾಗಿ ಅಲ್ಲದೆ ಯಾವ ವ್ಯಕ್ತಿಯ ಜೀವವನ್ನೂ ಸ್ವಾತಂತ್ರ್ಯವನ್ನೂ ಅಪಹರಿಸಕೂಡದೆಂಬುದು ಆ ವಿಧಿಯ ತಾತ್ಪರ್ಯ. ಕ್ರಮವು ನ್ಯಾಯಸಮ್ಮತವಾಗಿಯೂ ಇರಬೇಕೆಂಬ ಹೆಚ್ಚಿನ ರಕ್ಷಣೆಯನ್ನು ರಾಯರ ಸಲಹೆ ಕೈಬಿಟ್ಟಿತೆಂದು ಆಕ್ಷೇಪಿಸಿದವರುಂಟು. 1978ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ರಕ್ಷಣೆಯನ್ನು ವ್ಯಾಖ್ಯಾನದ ಮೂಲಕ ಮರಳಿ ತಂದಿತು. ಅದು ಬೇರೆ ಚರ್ಚೆ. ಇಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟು: ಒಬ್ಬನೇ ಒಬ್ಬ ಮನುಷ್ಯನ ಪ್ರಾಣವನ್ನು ತೆಗೆಯಬೇಕಾದರೂ ರಾಜ್ಯವು ಶಾಸನದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಬರಬೇಕೆಂಬ ನಿಯಮವನ್ನು ವಾಕ್ಯರೂಪಕ್ಕೆ ತಂದವರು, ಎರಡು ವರ್ಷ ಕಳೆಯುವುದರೊಳಗಾಗಿ, ಒಂದು ರಾತ್ರಿಯಲ್ಲಿ ಸಾವಿರಾರು ಜನರ ಪ್ರಾಣ ತೆಗೆಯುವುದಕ್ಕೆ ಯಾವ ಮೆಟ್ಟಿಲೂ ಇಲ್ಲದ ಲೋಕದ ನಡುವೆ ಹೋಗಿ ಕುಳಿತರು.

ಆ ಲೋಕವು ಅವರ ಕಣ್ಣೆದುರಿಗೇ ಬೆಳೆದು ಬಂದದ್ದು. ಅವರು ನೌಕರಿಗೆ ಸೇರಿದ ಹೊಸದರಲ್ಲಿ, 1911ರ ನವೆಂಬರಿನಲ್ಲಿ, ಇಟಲಿಯ ವೈಮಾನಿಕನೊಬ್ಬ ಲಿಬಿಯದಲ್ಲಿ ಕೈಯಿಂದ ಬಾಂಬು ಎಸೆದುದೇ ವಿಮಾನದಾಳಿಯ ಆರಂಭವೆಂದು ಚರಿತ್ರಕಾರರು ಹೇಳುತ್ತಾರೆ. ಕೋಟೆಯ ಕಾಳಗವನ್ನು ಮಂಗಳೂರು ಕಂಡಿತ್ತು. 1783ರ ಮೇ ತಿಂಗಳಿಂದ 1784ರ ಜನವರಿಯವರೆಗೆ ಟಿಪ್ಪುಸುಲ್ತಾನನ ಸೇನೆ ಇಲ್ಲಿಯ ಕೋಟೆಗೆ ಮುತ್ತಿಗೆ ಹಾಕಿ, ಒಳಗಿದ್ದ ಕಂಪನಿಯ ದಂಡು ಹಸಿವಿನಿಂದ ಸೋತು ಶರಣಾದ ಕಥೆ ಪ್ರಸಿದ್ಧವಾದುದು. ಆ ಯುದ್ಧದಲ್ಲಿ ಗೋಡೆಯೊಂದಿತ್ತು. ಗೋಡೆಯ ಈಚೆಗೊಂದು ಸೈನ್ಯ, ಆಚೆಗೊಂದು ಸೈನ್ಯ. ವಿಮಾನವು ಆ ಗೋಡೆಯನ್ನು ನಿರರ್ಥಕ ಮಾಡಿತು. 1937ರಲ್ಲಿ ಸ್ಪೇನಿನ ಗೆರ್ನಿಕಾ, 1940ರಲ್ಲಿ ಲಂಡನ್, 1943ರಲ್ಲಿ ಹ್ಯಾಂಬರ್ಗ್, 1945ರಲ್ಲಿ ಟೋಕಿಯೊ ಮತ್ತು ಹಿರೋಷಿಮ, ಹೀಗೆ ಸೈನಿಕರಲ್ಲದವರ ಮನೆಗಳೇ ರಣರಂಗವಾದವು. ನಮ್ಮವರಿಗೂ ಅದರ ಬಿಸಿ ತಗಲದಿರಲಿಲ್ಲ. 1941ರ ಡಿಸೆಂಬರ್ 23ರಂದು ಜಪಾನೀಯರು ರಂಗೂನಿನ ಮೇಲೆ ಬಾಂಬು ಹಾಕಿದಾಗ ಬೀದಿಯಲ್ಲಿ ಸತ್ತವರಲ್ಲಿ ಭಾರತದ ಕೂಲಿಗಳೂ ವರ್ತಕರೂ ಅನೇಕರಿದ್ದರು; ಬದುಕಿ ಉಳಿದವರು ಲಕ್ಷಗಟ್ಟಲೆಯಾಗಿ ಭಾರತದ ಕಡೆಗೆ ಹೊರಟರು. ಮರುವರ್ಷದ ಡಿಸೆಂಬರಿನಲ್ಲಿ, ರಾಯರು ನ್ಯಾಯಾಧೀಶರಾಗಿದ್ದ ಕಲಕತ್ತೆಯ ಮೇಲೆಯೂ ಬಾಂಬು ಬಿದ್ದಿತು. ಮುಂದೆ ಬರ್ಮದೇಶವು ತನ್ನ ಸಂವಿಧಾನವನ್ನು ರಚಿಸಿಕೊಂಡಾಗ ಸಲಹೆ ನೀಡಿ ನೆರವಾದವರು ರಾಯರೇ.

ಈ ಪ್ರಳಯಕ್ಕೆ ಕಾನೂನಿನಲ್ಲಿ ಏನು ತಡೆಯಿತ್ತು? 1907ರ ಹೇಗ್ ಒಪ್ಪಂದವು ರಕ್ಷಣೆಯಿಲ್ಲದ ಊರುಗಳ ಮೇಲೆ ದಾಳಿ ಮಾಡಬಾರದೆಂದು ವಿಧಿಸಿತ್ತು. 1923ರಲ್ಲಿ ವಿಮಾನಯುದ್ಧಕ್ಕಾಗಿಯೇ ನಿಯಮಗಳ ಕರಡೊಂದು ಸಿದ್ಧವಾಯಿತು. ಯಾವ ರಾಷ್ಟ್ರವೂ ಅದನ್ನು ಒಪ್ಪಂದವಾಗಿ ಅಂಗೀಕರಿಸಲಿಲ್ಲ. 1949ರ ಆಗಸ್ಟಿನಲ್ಲಿ ಜಿನೀವದಲ್ಲಿ ಆದ ನಾಲ್ಕನೆಯ ಒಪ್ಪಂದವು ಶತ್ರುವಿನ ಕೈಗೆ ಸಿಕ್ಕಿದ ನಾಗರಿಕರಿಗೆ ರಕ್ಷಣೆ ಕೊಟ್ಟಿತೇ ಹೊರತು, ಶತ್ರುವಿನ ವಿಮಾನದ ಕೆಳಗಿರುವ ನಾಗರಿಕರ ವಿಷಯದಲ್ಲಿ ಹೆಚ್ಚಿನದೇನನ್ನೂ ಹೇಳಲಿಲ್ಲ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗವು ತನ್ನ ಮೊದಲ ಅಧಿವೇಶನಕ್ಕೆ ಸೇರಿದ್ದೂ ಅದೇ ವರ್ಷ. ನರಸಿಂಗರಾಯರು ಆ ಆಯೋಗದ ಮೊದಲ ಸದಸ್ಯರಲ್ಲಿ ಒಬ್ಬರು. ಯಾವ ಯಾವ ವಿಷಯಗಳ ಕಾನೂನನ್ನು ಕ್ರೋಡೀಕರಿಸಬೇಕೆಂದು ಚರ್ಚೆ ನಡೆದಾಗ ಯುದ್ಧದ ನಿಯಮಗಳ ಮಾತೂ ಬಂದಿತು. ಬಹುಮತವು ಅದನ್ನು ಬದಿಗಿಟ್ಟಿತು. ಶಾಂತಿಯನ್ನು ಕಾಪಾಡುವುದಕ್ಕೆಂದು ಸ್ಥಾಪಿತವಾದ ಸಂಸ್ಥೆಯೇ ಹುಟ್ಟಿದ ಕೂಡಲೆ ಯುದ್ಧದ ನಿಯಮಗಳನ್ನು ಬರೆಯತೊಡಗಿದರೆ, ತನ್ನ ಶಕ್ತಿಯಲ್ಲಿ ತನಗೇ ನಂಬಿಕೆಯಿಲ್ಲವೆಂದು ಲೋಕವು ತಿಳಿದೀತೆಂಬುದು ಅವರ ಅಳುಕು. ಆ ಕಾರಣವನ್ನು ನಾನು ಹಗುರವಾಗಿ ಕಾಣಲಾರೆ. ಮಹಾಯುದ್ಧದಿಂದ ಆಗತಾನೆ ಹೊರಬಂದವರ ಆಶೆ ಅದು. ಆದರೆ ಒಂದು ವರ್ಷ ಸಂದು ಕೆಲವೇ ದಿನಗಳಲ್ಲಿ ಕೊರಿಯದಲ್ಲಿ ಯುದ್ಧ ಆರಂಭವಾಯಿತು.

1950ರ ಜೂನ್ 25 ಭಾನುವಾರ. ಆ ದಿನ ಮುಂಜಾನೆ ಉತ್ತರ ಕೊರಿಯದ ಸೈನ್ಯ 38ನೆಯ ಅಕ್ಷಾಂಶದ ಗಡಿಯನ್ನು ದಾಟಿ ದಕ್ಷಿಣಕ್ಕೆ ನುಗ್ಗಿತು. ಭದ್ರತಾ ಸಮಿತಿಯ ಅಧ್ಯಕ್ಷತೆಯು ತಿಂಗಳಿಗೊಬ್ಬರಂತೆ ಸರದಿಯ ಮೇಲೆ ಬರುವುದಷ್ಟೆ. ಆ ಜೂನ್ ತಿಂಗಳು ಭಾರತದ ಸರದಿ. ಭಾರತದ ಪ್ರತಿನಿಧಿ ನರಸಿಂಗರಾಯರು. ಸಮಿತಿ ಸೇರುತ್ತಿದ್ದುದು ನ್ಯೂಯಾರ್ಕಿಗೆ ಸಮೀಪದ ಲೇಕ್ ಸಕ್ಸೆಸ್ ಎಂಬಲ್ಲಿ. ಮಹಾಯುದ್ಧದ ಕಾಲದಲ್ಲಿ ಯುದ್ಧೋಪಕರಣಗಳನ್ನು ತಯಾರಿಸುತ್ತಿದ್ದ ಸ್ಪೆರ್ರಿ ಕಂಪನಿಯ ಕಾರ್ಖಾನೆಯೇ ವಿಶ್ವಸಂಸ್ಥೆಗೆ ಆಗ ತಾತ್ಕಾಲಿಕ ಬಿಡಾರವಾಗಿತ್ತು. ಚೀನದ ಸ್ಥಾನದ ಪ್ರಶ್ನೆಗಾಗಿ ಮುನಿದಿದ್ದ ರಷ್ಯದ ಪ್ರತಿನಿಧಿ ಜನವರಿಯಿಂದ ಸಭೆಗೆ ಬರುತ್ತಿರಲಿಲ್ಲ. ಯುದ್ಧವನ್ನು ನಿಲ್ಲಿಸಿ ಉತ್ತರದ ಸೈನ್ಯ ಹಿಂದೆ ಸರಿಯಬೇಕೆಂಬ ನಿರ್ಣಯ ಆ ದಿನವೇ ಸ್ವೀಕೃತವಾಯಿತು. ಭಾರತವೂ ಅದರ ಪರವಾಗಿ ಮತ ಕೊಟ್ಟಿತು. ಆಕ್ರಮಣವು ಆಕ್ರಮಣವೇ, ಅದನ್ನು ಹಾಗೆಂದು ಹೇಳುವುದಕ್ಕೆ ರಾಯರು ಹಿಂಜರಿಯಲಿಲ್ಲ.

ಎರಡು ದಿನಗಳ ಮೇಲೆ ಬಂದ ಎರಡನೆಯ ನಿರ್ಣಯವು ದಕ್ಷಿಣ ಕೊರಿಯಕ್ಕೆ ಸೈನಿಕ ನೆರವು ಕೊಡಬೇಕೆಂದು ರಾಷ್ಟ್ರಗಳಿಗೆ ಶಿಫಾರಸು ಮಾಡಿತು. ದೆಹಲಿಯಿಂದ ಸೂಚನೆ ಬಾರದಿದ್ದುದರಿಂದ ರಾಯರು ಆ ಮತದಾನದಲ್ಲಿ ಭಾಗವಹಿಸಲಿಲ್ಲ. ಬಳಿಕ ಭಾರತ ಸರ್ಕಾರವು ಆ ನಿರ್ಣಯವನ್ನು ಅಂಗೀಕರಿಸಿತು. ಜುಲೈ 7ರಂದು ಅಮೆರಿಕದ ಸೇನಾಧಿಪತ್ಯದಲ್ಲಿ ವಿಶ್ವಸಂಸ್ಥೆಯ ಧ್ವಜದಡಿ ಸೈನ್ಯವನ್ನು ಒಟ್ಟುಗೂಡಿಸುವ ಮೂರನೆಯ ನಿರ್ಣಯ ಬಂದಾಗ ಭಾರತ ತಟಸ್ಥವಾಗಿ ಉಳಿಯಿತು. ಕಾದುವ ಸೈನಿಕರನ್ನು ಕಳುಹಿಸದೆ ವೈದ್ಯಕೀಯ ಪಡೆಯೊಂದನ್ನು ಮಾತ್ರ ಕಳುಹಿಸಿತು. ರಾಯರ ಜೀವನವನ್ನು ಹೇಳುವವರು ಈ ಭಾಗವನ್ನು ಮೆಲ್ಲನೆ ದಾಟಿಬಿಡುವುದುಂಟು. ಹಾಗೆ ದಾಟಿಬಿಡುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಮುಂದೆ ಕೊರಿಯದ ಮೇಲೆ ಬಿದ್ದ ಬಾಂಬುಗಳು ವಿಶ್ವಸಂಸ್ಥೆಯ ಹೆಸರಿನಲ್ಲಿ ಬಿದ್ದವು. ಆ ಹೆಸರಿಗೆ ಸಮ್ಮತಿ ಕೊಟ್ಟವರಲ್ಲಿ ಭಾರತವೂ ಒಂದು. ಆಕ್ರಮಣವನ್ನು ತಡೆಯದೆ ಬಿಡುವಂತೆಯೂ ಇಲ್ಲ, ತಡೆಯುವ ಕೈ ಎಲ್ಲಿ ನಿಲ್ಲುವುದೆಂದು ಹೇಳುವಂತೆಯೂ ಇಲ್ಲ. ಈ ಸಂಕಟದ ನಡುವೆ ನಿಂತ ಮನುಷ್ಯನ ಮುಂದಿನ ಏಳು ತಿಂಗಳ ದುಡಿಮೆಯನ್ನು ಋಣ ತೀರಿಸುವವನ ದುಡಿಮೆಯಂತೆ ನಾನು ಓದುತ್ತೇನೆ.

ಏಕೆಂದರೆ ಬಾಂಬುಗಳು ತಡಮಾಡಲಿಲ್ಲ. ಮೂರನೆಯ ನಿರ್ಣಯವಾದ ಒಂಬತ್ತನೆಯ ದಿನ, ಜುಲೈ 16ರಂದು, ಅಮೆರಿಕದ ಬಿ-29 ವಿಮಾನಗಳು ಸೋಲ್ ನಗರದ ಯೋಂಗ್‌ಸಾನ್ ಎಂಬ ಭಾಗದ ಮೇಲೆ ಎರಗಿದವು. ನಗರವು ಆಗ ಉತ್ತರದವರ ವಶದಲ್ಲಿತ್ತು. ಗುರಿಯಾಗಿದ್ದುದು ಅಲ್ಲಿಯ ರೈಲ್ವೆ ಅಂಗಳ. ಅದರ ಸುತ್ತ ಒತ್ತೊತ್ತಾಗಿ ಮನೆಗಳು. ಆ ಒಂದು ದಾಳಿಯಲ್ಲಿ ಸತ್ತ ನಾಗರಿಕರು 1,500ಕ್ಕೂ ಹೆಚ್ಚೆಂದು ದಕ್ಷಿಣ ಕೊರಿಯದ ಲೆಕ್ಕ ಹೇಳುತ್ತದೆ. ಯಾರನ್ನು ಉಳಿಸುವುದಕ್ಕೆಂದು ಸೈನ್ಯ ಬಂದಿತೋ ಆ ದೇಶದ ಪ್ರಜೆಗಳೇ ಅವರು.

ಇಂತಹ ಅಂಕಿಗಳನ್ನು ಓದಿದಾಗ ಮನಸ್ಸು ಅವನ್ನು ಗ್ರಹಿಸದೆ ಜಾರಿಹೋಗುವುದು ಸಹಜ. ನಾನು ಬಿಜೈಯಲ್ಲಿ ವಾಸಿಸುವವನು. ಆದ್ದರಿಂದ ನನ್ನ ಕೇರಿಯ ಅಳತೆಯಿಂದಲೇ ಅದನ್ನು ಅಳೆದು ನೋಡಿದೆ. ಇಲ್ಲಿ ಸರ್ಕಾರಿ ಬಸ್ಸುಗಳ ದೊಡ್ಡ ನಿಲ್ದಾಣವಿದೆ. ಯುದ್ಧದ ಭೂಪಟದಲ್ಲಿ ಅದು ಸಂಚಾರಕೇಂದ್ರ, ಎಂದರೆ ಗುರಿ. ಅದರಿಂದ ಕಾಲ್ನಡಿಗೆಗೆ ಎಟುಕುವಷ್ಟು ದೂರದಲ್ಲಿ ಸಂತ ಫ್ರಾನ್ಸಿಸ್ ಜೇವಿಯರರ ಇಗರ್ಜಿ. ಇತ್ತ ಕಾಪಿಕಾಡಿನ ಮನೆಗಳ ಸಾಲು. ಅತ್ತ ವೈದ್ಯ ಮಿರಜಕರರು ತಾಯಿಯ ನೆನಪಿಗಾಗಿ ಕೊಟ್ಟ, 1960ರಲ್ಲಿ ತೆರೆದ, ಶ್ರೀಮಂತಿಬಾಯಿ ವಸ್ತುಸಂಗ್ರಹಾಲಯ. ನಡುವೆ ಅಂಗಡಿಗಳು, ಶಾಲೆಯಿಂದ ಮರಳುವ ಮಕ್ಕಳು, ಮಳೆಗಾಲದಲ್ಲಿ ಒಂದೇ ಛತ್ರಿಯಡಿ ಬಸ್ಸಿಗೆ ಕಾಯುವ ಇಬ್ಬಿಬ್ಬರು. ಸಾವಿರಾರು ಅಡಿ ಎತ್ತರದಲ್ಲಿ ಮೋಡದ ಮೇಲಿರುವ ವಿಮಾನಕ್ಕೆ ಇವೆಲ್ಲವೂ ಸೇರಿ ಒಂದೇ ಚುಕ್ಕೆ. ನಿಲ್ದಾಣಕ್ಕೆ ಗುರಿಯಿಟ್ಟ ಬಾಂಬು ನೂರು ಮಾರು ಆಚೆ ಬಿದ್ದರೆ ಗುರಿ ತಪ್ಪಿತೆಂದು ವರದಿಯಲ್ಲಿ ಬರೆಯುತ್ತಾರೆ. ಆ ನೂರು ಮಾರಿನೊಳಗೆ ಯಾರ ಯಾರ ಮನೆಯಿದೆಯೆಂದು ನಾನು ಹೆಸರು ಹಿಡಿದು ಹೇಳಬಲ್ಲೆ. ಯೋಂಗ್‌ಸಾನಿನಲ್ಲಿಯೂ ಹಾಗೆ ಹೇಳಬಲ್ಲವರು ಇದ್ದಿರಬೇಕು.

ಆಗಸ್ಟಿನಲ್ಲಿ ರಾಯರು ಭದ್ರತಾ ಸಮಿತಿಯ ಮುಂದೆ ಒಂದು ಸೂಚನೆ ಇಟ್ಟರು. ಸಮಿತಿಯ ಕಾಯಂ ಸದಸ್ಯರಲ್ಲದ ಆರು ಸಣ್ಣ ರಾಷ್ಟ್ರಗಳು ಬೇರೆಯಾಗಿ ಕುಳಿತು, ಯುದ್ಧ ಮುಗಿದ ಮೇಲೆ ಕೊರಿಯದ ಭವಿಷ್ಯ ಹೇಗಿರಬೇಕೆಂಬುದರ ರೂಪರೇಖೆಯನ್ನು ಸಿದ್ಧಪಡಿಸಲಿ ಎಂಬುದು ಅದರ ಸಾರ. ದೊಡ್ಡ ರಾಷ್ಟ್ರಗಳ ಜಗಳದಲ್ಲಿ ಅದಕ್ಕೆ ಆಸರೆ ದೊರೆಯಲಿಲ್ಲ. ಸೆಪ್ಟೆಂಬರ್ 15ರಂದು ಇಂಚೋನಿನಲ್ಲಿ ಇಳಿದ ಅಮೆರಿಕದ ಸೈನ್ಯ ಯುದ್ಧದ ಗತಿಯನ್ನೇ ತಿರುಗಿಸಿತು. ತಿಂಗಳ ಕೊನೆಗೆ ಸೋಲ್ ಮರಳಿ ಕೈಸೇರಿ, ಉತ್ತರದ ಸೈನ್ಯ ಗಡಿಯಾಚೆಗೆ ಹಿಮ್ಮೆಟ್ಟಿತು. ಜೂನ್ 25ರ ನಿರ್ಣಯ ಕೇಳಿದ್ದು ಇಷ್ಟನ್ನೇ. ಇಲ್ಲಿ ನಿಲ್ಲಬೇಕೆಂದು ರಾಯರು ವಾದಿಸಿದರು. ಗಡಿಯನ್ನು ದಾಟಿದರೆ ಚೀನ ಸುಮ್ಮನಿರದೆಂಬ ಎಚ್ಚರಿಕೆಯನ್ನು ಪೀಕಿಂಗಿನಲ್ಲಿದ್ದ ನಮ್ಮ ರಾಯಭಾರಿ ಪಣಿಕ್ಕರರು ಚೌ ಎನ್‌ಲಾಯ್ ಅವರಿಂದಲೇ ಕೇಳಿ ದೆಹಲಿಗೆ ತಿಳಿಸಿದ್ದರು. ಪರಸ್ಪರ ವಿರುದ್ಧವಾದ ನಿರ್ಣಯಗಳನ್ನು ಹೊಂದಿಸಿ ನೋಡಲು ಉಪಸಮಿತಿಯೊಂದನ್ನು ನೇಮಿಸಬೇಕೆಂದು ರಾಯರು ಕೋರಿದರು. ಆ ಕೋರಿಕೆ ಬಿದ್ದುಹೋಯಿತು. ಅಕ್ಟೋಬರ್ 7ರಂದು ಮಹಾಸಭೆಯು ಕೊರಿಯವನ್ನು ಒಂದುಗೂಡಿಸುವ ಹೆಸರಿನಲ್ಲಿ ಸೈನ್ಯ ಉತ್ತರಕ್ಕೆ ಸಾಗಲು ದಾರಿ ತೆರೆಯಿತು. ಭಾರತ ತಟಸ್ಥವಾಯಿತು. ಆ ತಿಂಗಳು ಮುಗಿಯುವ ಮೊದಲೇ ಚೀನದ ಸೈನ್ಯ ಯಾಲು ನದಿಯನ್ನು ದಾಟಿ ಬಂದಿತು.

ಇದಾದ ಮೇಲೆ ವಿಮಾನಯುದ್ಧದ ಮುಖವೇ ಬೇರೆಯಾಯಿತು. ಅದುವರೆಗೆ ರೈಲು, ಸೇತುವೆ, ಕಾರ್ಖಾನೆಗಳನ್ನು ಗುರಿಯೆಂದು ಹೇಳುತ್ತಿದ್ದರು. ನವೆಂಬರ್ 5ರಂದು ಸೇನಾಪತಿ ಮೆಕಾರ್ಥರ್ ಅವರು ಯುದ್ಧರಂಗಕ್ಕೂ ಚೀನದ ಗಡಿಗೂ ನಡುವಣ ಪ್ರದೇಶದಲ್ಲಿ, ಕೆಲವೇ ವಿನಾಯಿತಿಗಳನ್ನು ಬಿಟ್ಟು, ಎಲ್ಲ ಕಾರ್ಖಾನೆ, ಪಟ್ಟಣ, ಹಳ್ಳಿಗಳನ್ನೂ ನಾಶಮಾಡುವಂತೆ ಅಪ್ಪಣೆಯಿತ್ತರು. ಊರು ತಾನೇ ಗುರಿಯಾಯಿತು. ನವೆಂಬರ್ 8ರಂದು ಸುಮಾರು 70 ಬಿ-29 ವಿಮಾನಗಳು ಗಡಿಯ ಪಟ್ಟಣವಾದ ಸಿನುಯ್ಜುವಿನ ಮೇಲೆ 500 ಟನ್ನಿಗೂ ಮಿಕ್ಕಿ ಬೆಂಕಿಬಾಂಬುಗಳನ್ನು ಸುರಿದವು. ಮರದ ಮನೆಗಳೇ ತುಂಬಿದ ಊರಿನಲ್ಲಿ ಬೆಂಕಿಬಾಂಬಿನ ಕೆಲಸ ಸುಲಭ. ನವೆಂಬರ್ 30ರಂದು ಅಧ್ಯಕ್ಷ ಟ್ರೂಮನ್ ಅವರು ಪತ್ರಕರ್ತರ ಮುಂದೆ ಅಣುಬಾಂಬಿನ ಪ್ರಯೋಗವೂ ವಿಚಾರದಲ್ಲಿದೆಯೆಂಬ ಅರ್ಥ ಬರುವಂತೆ ಮಾತನಾಡಿದರು. ಲೋಕವೆಲ್ಲ ನಡುಗಿತು, ಇಂಗ್ಲೆಂಡಿನ ಪ್ರಧಾನಿ ಅಟ್ಲಿ ಅವಸರವಾಗಿ ವಾಷಿಂಗ್ಟನ್ನಿಗೆ ಹಾರಿದರು.

ರಾಯರು ತಮ್ಮ ಅತ್ಯಂತ ದೊಡ್ಡ ಪ್ರಯತ್ನಕ್ಕೆ ಕೈಹಾಕಿದ್ದು ಈ ಗಳಿಗೆಯಲ್ಲಿ. ಪೀಕಿಂಗಿನಿಂದ ನ್ಯೂಯಾರ್ಕಿಗೆ ಬಂದಿದ್ದ ಚೀನದ ಪ್ರತಿನಿಧಿ ವೂ ಅವರನ್ನು ಕಂಡು ಮಾತನಾಡಿದರು. ಏಷ್ಯ ಮತ್ತು ಅರಬ ದೇಶಗಳನ್ನು ಒಂದುಗೂಡಿಸಿ, ಒಟ್ಟು ಹದಿಮೂರು ರಾಷ್ಟ್ರಗಳ ಪರವಾಗಿ ಕದನವಿರಾಮದ ನಿರ್ಣಯವನ್ನು ಮುಂದಿಟ್ಟರು. ಡಿಸೆಂಬರ್ 14ರಂದು ಮಹಾಸಭೆ ಅದನ್ನು ಬಹುಮತದಿಂದ ಒಪ್ಪಿಕೊಂಡಿತು. ಅದರಂತೆ ಮೂವರ ಮಂಡಲಿ ರಚಿತವಾಯಿತು: ಇರಾನಿನ ನಸ್ರೊಲ್ಲಾ ಎಂತೆಜಾಮ್, ಕೆನಡದ ಲೆಸ್ಟರ್ ಪಿಯರ್ಸನ್, ಭಾರತದ ನರಸಿಂಗರಾವ್. ಕಾದುವ ಕೈಗಳು ಮೊದಲು ನಿಲ್ಲಲಿ, ಮಾತುಕತೆ ಆಮೇಲೆ ನಡೆಯಲಿ ಎಂಬುದು ಇವರ ಸೂತ್ರ. ಚೀನ ಇದನ್ನು ಒಪ್ಪಲಿಲ್ಲ. ತನ್ನನ್ನು ಹೊರಗಿಟ್ಟು ರಚಿಸಿದ ಮಂಡಲಿ ಅಕ್ರಮವೆಂದಿತು. ಸೋತ ಸೈನ್ಯಕ್ಕೆ ಉಸಿರಾಡಲು ಬಿಡುವು ಕೊಡುವ ತಂತ್ರವಿದೆಂದು ಶಂಕಿಸಿತು. ಗೆಲ್ಲುತ್ತಿರುವವನಿಗೆ ವಿರಾಮ ಬೇಡ. ಅಕ್ಟೋಬರಿನಲ್ಲಿ ಗೆಲ್ಲುತ್ತಿದ್ದವರು ಒಂದು ಪಕ್ಷದವರು; ಡಿಸೆಂಬರಿನಲ್ಲಿ ಮತ್ತೊಂದು ಪಕ್ಷದವರು. ಎರಡು ಸಲವೂ ಊರುಗಳಲ್ಲಿ ಇದ್ದವರು ಅದೇ ಜನ.

ಮಂಡಲಿಯು ತನ್ನ ಪ್ರಯತ್ನ ವಿಫಲವಾಯಿತೆಂಬ ವರದಿಗೆ ಹಾಕಿದ ತಾರೀಖು 1951ರ ಜನವರಿ 2. ಮರುದಿನ, ಜನವರಿ 3ರಂದು, ಮತ್ತೆ 5ರಂದು, ಪ್ಯೋಂಗ್‌ಯಾಂಗ್ ನಗರವನ್ನು ಬೆಂಕಿಬಾಂಬುಗಳಿಂದ ಸುಟ್ಟರು. ನಡುವಣ 4ನೆಯ ತಾರೀಖಿನಂದು ಸೋಲ್ ನಗರ ಚೀನದ ಸೈನ್ಯದ ವಶವಾಗಿ, ಅಲ್ಲಿಯ ಜನರು ಹಿಮದಲ್ಲಿ ದಕ್ಷಿಣಕ್ಕೆ ನಡೆಯುತ್ತಿದ್ದರು. ವರದಿಗೂ ದಾಳಿಗೂ ಕಾರ್ಯಕಾರಣ ಸಂಬಂಧವಿತ್ತೆಂದು ನಾನು ಹೇಳುವುದಿಲ್ಲ. ಆದರೆ ಕದನವಿರಾಮದ ಮಾತಿನಲ್ಲಿ ಕಳೆದ ಒಂದೊಂದು ದಿನವೂ ಅಲ್ಲಿ ಯಾರಿಗೋ ಕೊನೆಯ ದಿನವಾಗಿತ್ತೆಂಬುದನ್ನು ಆ ತಾರೀಖುಗಳೇ ಹೇಳುತ್ತವೆ. ಮಂಡಲಿಯವರು ಅಷ್ಟಕ್ಕೆ ಬಿಡದೆ, ಹಂತಹಂತವಾಗಿ ಸಮಾಧಾನಕ್ಕೆ ಬರುವ ಐದು ತತ್ತ್ವಗಳನ್ನು ಜನವರಿ 11ರಂದು ಮತ್ತೆ ಮುಂದಿಟ್ಟರು. ಅಮೆರಿಕ ಅರೆಮನಸ್ಸಿನಿಂದ ಒಪ್ಪಿತು. ಚೀನ ಬದಲು ಷರತ್ತುಗಳನ್ನು ಒಡ್ಡಿತು. ಆ ಷರತ್ತುಗಳಲ್ಲಿಯೂ ಮಾತುಕತೆಗೆ ಎಡೆಯಿದೆಯೆಂದು ರಾಯರು ವಾದಿಸಿದರು. ಕೇಳುವ ತಾಳ್ಮೆ ಸಭೆಗೆ ಉಳಿದಿರಲಿಲ್ಲ. ಫೆಬ್ರವರಿ 1ರಂದು ಚೀನವನ್ನು ಆಕ್ರಮಣಕಾರಿಯೆಂದು ಸಾರುವ ನಿರ್ಣಯ 44 ಮತಗಳಿಂದ ಸ್ವೀಕೃತವಾಯಿತು. ವಿರುದ್ಧವಾಗಿ ಬಿದ್ದ ಮತಗಳು 7. ರಷ್ಯದ ಬಣವನ್ನು ಬಿಟ್ಟರೆ ವಿರೋಧಿಸಿದವು ಎರಡೇ ರಾಷ್ಟ್ರಗಳು: ಭಾರತ ಮತ್ತು ಬರ್ಮ. ಜೂನಿನಲ್ಲಿ ಉತ್ತರ ಕೊರಿಯವನ್ನು ಖಂಡಿಸಿ ಕೈಯೆತ್ತಿದ್ದ ರಾಯರು ಈಗ ವಿರೋಧಿಸಿದ್ದು ಚೀನದ ಮೇಲಿನ ಮಮತೆಯಿಂದಲ್ಲ. ಹೆಸರಿಟ್ಟು ಬೈದ ಮೇಲೆ ಎದುರಾಳಿಯೊಡನೆ ಮಾತನಾಡುವ ಬಾಗಿಲು ಮುಚ್ಚುವುದೆಂಬುದು ನ್ಯಾಯಾಲಯದಲ್ಲಿ ಬಾಳು ಸವೆಸಿದವರಿಗೆ ತಿಳಿದಿತ್ತು.

1951ರ ಕೊನೆಗೆ ಅವರು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಆಯ್ಕೆಯಾಗಿ, ಮರುವರ್ಷ ಹೇಗ್ ನಗರಕ್ಕೆ ಹೋದರು. ಯುದ್ಧ ಮುಂದುವರಿಯಿತು. 1951ರ ಜುಲೈಯಲ್ಲಿ ಸಂಧಾನ ಆರಂಭವಾದಾಗ ಸೈನ್ಯಗಳು 38ನೆಯ ಅಕ್ಷಾಂಶದ ಆಸುಪಾಸಿನಲ್ಲಿಯೇ ನಿಂತಿದ್ದವು. ಆದರೂ ಸೆರೆಯಾಳುಗಳನ್ನು ಹಿಂದಿರುಗಿಸುವ ಬಗೆಯ ಚರ್ಚೆಯಲ್ಲಿ ಎರಡು ವರ್ಷ ಕಳೆದವು. ಆ ಎರಡು ವರ್ಷವೂ ವಿಮಾನಗಳು ಸುಮ್ಮನಿರಲಿಲ್ಲ. 1952ರ ಜುಲೈ 11ರಂದು ಪ್ಯೋಂಗ್‌ಯಾಂಗಿನ ಮೇಲೆ ಒಂದೇ ದಿನದಲ್ಲಿ 1,200ಕ್ಕೂ ಹೆಚ್ಚು ಸಲ, ಆಗಸ್ಟ್ 29ರಂದು ಸುಮಾರು 1,400 ಸಲ ವಿಮಾನಗಳು ಹಾರಿ ಬಂದು ಬಾಂಬು ಹಾಕಿದವು. ಯುದ್ಧ ಮುಗಿಯುವ ಹೊತ್ತಿಗೆ ಕೊರಿಯದ ಮೇಲೆ ಬಿದ್ದ ಬಾಂಬುಗಳ ತೂಕ 6,35,000 ಟನ್ನು. ಮೈಗೆ ಅಂಟಿಕೊಂಡು ಉರಿಯುವ ನೇಪಾಮ್ 32,557 ಟನ್ನು. ಮಹಾಯುದ್ಧದಲ್ಲಿ ಇಡೀ ಪೆಸಿಫಿಕ್ ರಂಗದಲ್ಲಿ ಅಮೆರಿಕ ಬಳಸಿದ ಬಾಂಬಿಗಿಂತ ಇದು ಹೆಚ್ಚು. ಪ್ಯೋಂಗ್‌ಯಾಂಗಿನ ಮುಕ್ಕಾಲು ಭಾಗ ನೆಲಸಮವಾಯಿತೆಂದೂ, ಸಿನಾಂಜು ಎಂಬ ಊರು ಪೂರ್ತಿಯಾಗಿ ಇಲ್ಲವಾಯಿತೆಂದೂ ಅಮೆರಿಕದ ವಾಯುಸೇನೆಯ ಲೆಕ್ಕವೇ ಹೇಳುತ್ತದೆ. ಜನರು ನೆಲದಡಿ ಗುಹೆ ತೋಡಿಕೊಂಡು ಬದುಕಿದರು.

1953ರ ಜುಲೈ 27ರಂದು ಪಾನ್‌ಮುಂಜೋಮಿನಲ್ಲಿ ಕದನವಿರಾಮಕ್ಕೆ ಸಹಿ ಬಿದ್ದಿತು. ಅಂದು ಎಳೆದ ಗೆರೆ, 1950ರ ಅಕ್ಟೋಬರಿನಲ್ಲಿ ನಿಲ್ಲಬೇಕೆಂದು ರಾಯರು ಬೇಡಿಕೊಂಡಿದ್ದ ಗೆರೆಗೆ ಬಹುಮಟ್ಟಿಗೆ ಸಮೀಪದ್ದು. ಕೆಲವೆಡೆ ಅದರ ಉತ್ತರಕ್ಕೆ, ಕೆಲವೆಡೆ ದಕ್ಷಿಣಕ್ಕೆ, ಅಷ್ಟೆ. ಸಿನುಯ್ಜುವಿನಿಂದ ತೊಡಗಿ ಸಿನಾಂಜುವಿನವರೆಗೆ ಸುಟ್ಟುಹೋದ ಊರುಗಳೆಲ್ಲವೂ ಈ ಎರಡು ಗೆರೆಗಳ ನಡುವಣ ಸಣ್ಣ ವ್ಯತ್ಯಾಸಕ್ಕೆ ತೆತ್ತ ಬೆಲೆ. ಸಂಧಾನಕಾರನೆಂದರೆ ಗಟ್ಟಿತನವಿಲ್ಲದವನು, ಸೋತುಹೋಗುವವನು ಎಂಬ ತಿರಸ್ಕಾರ ಎಲ್ಲ ಕಾಲದಲ್ಲಿಯೂ ಇದೆ. ಲೇಕ್ ಸಕ್ಸೆಸಿನಲ್ಲಿ ರಾಯರಿಗೂ ಅದು ತಪ್ಪಲಿಲ್ಲ. ಗಟ್ಟಿಗರೆನಿಸಿಕೊಂಡವರು ಮೂರು ವರ್ಷ ಕಾದಾಡಿ ಬಂದು ನಿಂತ ಸ್ಥಳ ಆ ಸೋತವನು ಮೊದಲೇ ತೋರಿಸಿದ್ದ ಸ್ಥಳವೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬೇಕು.

ಕದನವಿರಾಮದ ಬಳಿಕ ಮನೆಗೆ ಮರಳಲೊಪ್ಪದ ಸೆರೆಯಾಳುಗಳ ಹೊಣೆಯನ್ನು ತಟಸ್ಥ ರಾಷ್ಟ್ರಗಳ ಆಯೋಗವು ವಹಿಸಿಕೊಂಡಿತು. ಅದಕ್ಕೆ ಅಧ್ಯಕ್ಷರಾಗಿ ಹೋದವರು ಕೊಡಗಿನ ಜನರಲ್ ತಿಮ್ಮಯ್ಯನವರು. ನೇತ್ರಾವತಿಯ ದಡದವರೊಬ್ಬರು ಆರಂಭಿಸಿದ ಕಾರ್ಯವನ್ನು ಕಾವೇರಿಯ ಸೀಮೆಯವರೊಬ್ಬರು ಮುಂದುವರಿಸಿದಂತಾಯಿತು. ತಿಮ್ಮಯ್ಯನವರು ಕೊರಿಯದಲ್ಲಿ ಆ ಕೆಲಸದಲ್ಲಿದ್ದಾಗಲೇ, 1953ರ ನವೆಂಬರ್ 30ರಂದು, ನರಸಿಂಗರಾಯರು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ತೀರಿಕೊಂಡರು. ಅವರಿಗೆ 66 ವರ್ಷ. ಯುದ್ಧ ನಿಂತ ಸುದ್ದಿಯನ್ನು ಕೇಳಿ ನಾಲ್ಕು ತಿಂಗಳು ಬದುಕಿದ್ದರು. ಅವರ ಬರಹಗಳನ್ನು ತಮ್ಮನಾದ ಶಿವರಾಯರು ಸಂಪಾದಿಸಿ 1960ರಲ್ಲಿ ಪ್ರಕಟಿಸಿದರು. ಸಂವಿಧಾನ ರಚನೆಯ ಅಭ್ಯಾಸಿಗಳಿಗೆ ಅದು ಇಂದಿಗೂ ಆಕರಗ್ರಂಥ.

1949ರಲ್ಲಿ ಬದಿಗಿಟ್ಟ ಕೆಲಸಕ್ಕೆ ಲೋಕವು ಮತ್ತೆ ಕೈಹಾಕಲು ಇನ್ನೂ ಕಾಲು ಶತಮಾನ ಹಿಡಿಯಿತು. 1977ರಲ್ಲಿ ಜಿನೀವದ ಒಪ್ಪಂದಗಳಿಗೆ ಸೇರಿಸಿದ ಪೂರಕ ಒಪ್ಪಂದವು ನಾಗರಿಕರ ಮೇಲೆ ದಾಳಿ ಮಾಡಬಾರದೆಂದೂ, ಜನವಸತಿಯ ಊರನ್ನು ಇಡಿಯಾಗಿ ಒಂದೇ ಗುರಿಯೆಂದು ಎಣಿಸಿ ಬಾಂಬು ಹಾಕಬಾರದೆಂದೂ ಸ್ಪಷ್ಟವಾದ ಮಾತುಗಳಲ್ಲಿ ನಿಷೇಧಿಸಿತು. ಅಮೆರಿಕವು ಸಹಿ ಮಾಡಿಯೂ ಅದನ್ನು ಸ್ಥಿರೀಕರಿಸಿಲ್ಲ. ನಮ್ಮ ಭಾರತವೂ ಅದಕ್ಕೆ ಸೇರಿಲ್ಲ. ನಿಯಮವನ್ನು ಒಪ್ಪಿಕೊಂಡ ರಾಷ್ಟ್ರಗಳೂ ಅದನ್ನು ಪಾಲಿಸುವುದಕ್ಕಿಂತ ಮುರಿಯುವುದೇ ಹೆಚ್ಚೆಂಬುದನ್ನು ಪತ್ರಿಕೆ ಓದುವವರಿಗೆ ಹೇಳಬೇಕಾಗಿಲ್ಲ. ಆದರೂ ನಿಯಮವಿರುವುದಕ್ಕೂ ಇಲ್ಲದಿರುವುದಕ್ಕೂ ಅಂತರವಿದೆ. 1950ರಲ್ಲಿ ಸುಟ್ಟ ಊರಿನವನು ತನಗಾದದ್ದು ದುರದೃಷ್ಟವೆಂದು ಮಾತ್ರ ಹೇಳಬಹುದಾಗಿತ್ತು. ಇಂದಿನವನು ಅದು ಅಪರಾಧವೆಂದು ಹೇಳಬಲ್ಲನು.

ನರಸಿಂಗರಾಯರು ಸಾಧಿಸಿದುದೇನು ಎಂದು ಕೇಳುವವರಿಗೆ ಸಂವಿಧಾನದ ಕರಡನ್ನು ತೋರಿಸುವುದು ಸುಲಭ. ಕೊರಿಯದ ವಿಷಯದಲ್ಲಿ ತೋರಿಸಲು ಏನೂ ಇಲ್ಲ: ತಿರಸ್ಕೃತವಾದ ಸೂಚನೆಗಳು, ಬಿದ್ದುಹೋದ ನಿರ್ಣಯಗಳು, ವಿಫಲವಾಯಿತೆಂಬ ಒಂದು ವರದಿ. ನಮ್ಮ ಅಧ್ಯಾಪಕರು ಅವರ ಜೀವನವನ್ನು ಹೇಳುವಾಗ ಕರಡಿನ ಜೊತೆಗೆ ಆ ವರದಿಯನ್ನೂ ಹೇಳಬೇಕೆಂದು ನನ್ನ ಪ್ರಾರ್ಥನೆ. ಪಕ್ಕದಲ್ಲಿ 1951ರ ಜನವರಿಯ ಮೊದಲ ವಾರದ ತಾರೀಖುಗಳನ್ನು ಬರೆದಿಟ್ಟರೆ ಸಾಕು. ಉಳಿದುದನ್ನು ಮಕ್ಕಳು ತಾವೇ ಅರ್ಥಮಾಡಿಕೊಳ್ಳುವರು.